ಮಂಗಳವಾರದ ಲೆಕ್ಕ

ಎನ್ಡೋಲಾ. ಆಸ್ಪತ್ರೆಯ ಮೂರನೇ ಮಹಡಿ.
ಕಿಟಕಿಯಾಚೆ ತಾಮ್ರ ಹೊತ್ತ ಗೂಡ್ಸು ಗಾಡಿ.
ನನ್ನ ಕೆಲಸ ಎಣಿಸುವುದು:
ಎಚ್‌ಐವಿ ಮಾತ್ರೆ ನುಂಗುವ ಎರಡು ಸಾವಿರದ ನೂರಾ ಆರು ಜನ,
ಒಬ್ಬೊಬ್ಬರಿಗೂ ಒಂದು ಸಂಖ್ಯೆ, ಒಂದು ಸಾಲು,
ಸಾಲಿನ ಕೊನೆಗೊಂದು ಷರಾ.
ಇದ್ದಾರೆ. ಸತ್ತರು. ಬೇರೆ ಊರಿಗೆ ಹೋದರು.
ಇದ್ಯಾವುದೂ ಅಲ್ಲದವರು
ತಪ್ಪಿಹೋದವರು.

ತಪ್ಪಿಹೋದವರು ಇನ್ನೂರಾ ಎಂಬತ್ತೊಂದು.
ಪ್ರಬಂಧಕ್ಕೆ ಇದು ಚೆಂದವಲ್ಲ, ಎಂದರು ಡಾಕ್ಟರ್ ಸಿಮುಕೊಂಡ,
ಹುಡುಕು ಹೋಗು.

ಫೋನು ಮಾಡುತ್ತೇನೆ. ಸಂಪರ್ಕ ಸಾಧ್ಯವಿಲ್ಲ ಎನ್ನುವ ಹೆಂಗಸು
ಈಗ ನನಗೆ ಅತ್ತಿಗೆಯಷ್ಟು ಪರಿಚಯ.
ಮಸಾಲ, ಚಿಫುಬು, ಕಬುಶಿಯ ಕೆಂಪು ದಾರಿಗಳಲ್ಲಿ
ಸೈಕಲ್ ತುಳಿಯುತ್ತೇನೆ.
ವಿಳಾಸವೆಂದರೆ: ನಿಂತುಹೋದ ಹಿಟ್ಟಿನ ಗಿರಣಿ,
ಹಿಂದೆ ಎರಡು ಮಾವಿನ ಮರ, ನೀಲಿ ಬಾಗಿಲು.
ಮರ ಒಂದೇ ಇತ್ತು. ಬಾಗಿಲು ಹಸಿರು.

ಸಂಖ್ಯೆ ೦೪೧೭. ಲಿಸ್ಬೆತ್ ಚಿಶಾಲ, ನಲವತ್ತಮೂರು, ಟೊಮೇಟೊ ವ್ಯಾಪಾರ.
ಹನ್ನೊಂದು ವರ್ಷ ಒಂದು ಸರದಿ ತಪ್ಪಿಸದವಳು
ಫೆಬ್ರವರಿಯಿಂದ ಇಲ್ಲ.
ಪಕ್ಕದ ಮನೆಯ ಹುಡುಗ ಚೆಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು
ಆಸ್ಪತ್ರೆಗೆ ಹೋಗಿದ್ದಾರೆ, ಎಂದ.
ಯಾವ ಆಸ್ಪತ್ರೆ?
ಎಷ್ಟಿದ್ದಾವೆ?

ಡಯಾಲಿಸಿಸ್ ವಾರ್ಡು ನನ್ನ ಕುರ್ಚಿಯ ನೇರ ಕೆಳಗೆ.
ಐದು ವರ್ಷ ಅದರ ನೆತ್ತಿಯ ಮೇಲೆ ಕೂತು
ಒಮ್ಮೆಯೂ ಇಳಿದಿರಲಿಲ್ಲ.
ಎಂಟು ಯಂತ್ರ, ಮೂರಕ್ಕೆ ಬಟ್ಟೆ ಹೊದಿಸಿದ್ದಾರೆ.
ಸಿಸ್ಟರ್ ಕಪೆಂಬ್ವ ಕೈಬರಹದ ರಿಜಿಸ್ಟರು ತಿರುವಿ ಹಾಕಿದರು.
ಚಿಶಾಲ ಅಂತ ಯಾರೂ ಇಲ್ಲಪ್ಪ.
ಬಾನಕಸೊಂಡೆ ಇದ್ದಾಳೆ, ಕಸೊಂಡೆಯ ತಾಯಿ,
ಮೂರನೇ ಹಾಸಿಗೆ, ಮಂಗಳವಾರ, ಶುಕ್ರವಾರ.

ನಮ್ಮ ಮಾತ್ರೆ ಕ್ಲಿನಿಕ್ಕು ನಡೆಯುವುದೂ
ಮಂಗಳವಾರವೇ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವನು ನಾನೇ
ಎಂದು ಹೇಳಲು ಬಾಯಿ ಬರಲಿಲ್ಲ. ಅವಳೇ ಮಾತಾಡಿದಳು:
ಮಾತ್ರೆಯ ಸಾಲಲ್ಲಿ ನಿಂತರೆ ಯಂತ್ರ ತಪ್ಪುತ್ತೆ,
ಯಂತ್ರಕ್ಕೆ ಮಲಗಿದರೆ ಮಾತ್ರೆ.
ಯಾವುದು ತಪ್ಪಿದರೆ ಬೇಗ ಉಸಿರು ಕಟ್ಟುತ್ತೋ
ಅದನ್ನ ಹಿಡಕೊಂಡೆ.
ತಂಗಿಯ ಡಬ್ಬಿಯಿಂದ ಕಡ ತಂದು ನುಂಗಿದಳಂತೆ,
ತಂಗಿಗೂ ಸಾಲದಾಗುವವರೆಗೆ.
ಕುತ್ತಿಗೆಯ ನಳಿಕೆಗೆ ಎರಡು ಸಲ ಸೋಂಕು.
ಚಳಿಗೆ ಮಂಚ ಗಡಗಡ ಅಲ್ಲಾಡಿದ್ದು ಸಿಸ್ಟರಿಗೆ ನೆನಪಿದೆ.
ನನ್ನ ಪಟ್ಟಿಯಲ್ಲಿ ಆ ಚಳಿಗೆ ಜಾಗವಿಲ್ಲ,
ಅವರದರಲ್ಲಿ ಮಾತ್ರೆಗಿಲ್ಲ.

ದಿನಕ್ಕೆ ಮೂರು ಲೋಟ ನೀರು, ಅಷ್ಟೇ.
ಬಾಳೆಹಣ್ಣು ಬೇಡ, ಮಾವು ಬೇಡ, ಟೊಮೇಟೊ ಬೇಡವೇ ಬೇಡ.
ನೋಡು, ಎಂದು ನಕ್ಕಳು, ನನ್ನ ಮಾಲು ನನಗೇ ಆಗೋಲ್ಲ.
ಎಡತೋಳಿನಲ್ಲಿ ಹೊಸದಾಗಿ ನರ ಕೂಡಿಸಿದ್ದಾರೆ.
ಬೆರಳಿಡು, ಎಂದಳು. ಇಟ್ಟೆ.
ಬೆಂಕಿಪೊಟ್ಟಣದೊಳಗೆ ಸಿಕ್ಕಿಬಿದ್ದ ದುಂಬಿ,
ನಿಲ್ಲದೆ.

ನಿನ್ನ ಲೆಕ್ಕದಲ್ಲಿ ನಾನು ಒಬ್ಬಳಾ, ಇಬ್ಬರಾ?

ಸಂಜೆ ೦೪೧೭ರ ಷರಾ ಅಳಿಸಿ
ಇದ್ದಾರೆ, ಎಂದು ಬರೆದೆ.
ಮೊದಲು ಶೇಕಡಾ ಹದಿಮೂರು ಬಿಂದು ಮೂರು.
ಈಗಲೂ ಹದಿಮೂರು ಬಿಂದು ಮೂರು.
ಕ್ಲಿನಿಕ್ಕಿನ ವಾರ ಬದಲಿಸುವ ಅರ್ಜಿ ಸಮಿತಿಯ ಮುಂದಿದೆ.

ಅಲ್ಲಿಯವರೆಗೆ ನಾನೇ ಇಳಿಯುತ್ತೇನೆ,
ಅಂಗಿಯ ಜೇಬಿನಲ್ಲಿ ಅವಳ ಮಾತ್ರೆ, ಕಿಡ್ನಿ ನೋಡಿ ಬದಲಿಸಿದ್ದು,
ಮೆಟ್ಟಿಲಿಗೊಮ್ಮೆ ಗಿಲಕ್ಕೆನ್ನುತ್ತ.
ಆಮೇಲೆ ಸಿಸ್ಟರ ಪಕ್ಕ ಕೂತು
ಉಳಿದ ಇನ್ನೂರಾ ಎಂಬತ್ತು ಹೆಸರು ಗಟ್ಟಿಯಾಗಿ ಓದುತ್ತೇನೆ.
ತಡಿ ತಡಿ, ಎನ್ನುತ್ತಾರೆ ಅವರು ಆಗಾಗ,
ಅವಳಿಗೆ ಎಷ್ಟು ಮಕ್ಕಳು?
ದೊಡ್ಡವನ ಹೆಸರೇನು?