ಕಾಲ್ಹಲಗಿ

ಹದಿನಾಲ್ಕು ತಿಂಗಳಾದರೂ ನಮ್ಮ ಬನಶ್ರೀಗೆ
ಉಣ್ಣೂದಂದ್ರ ಅಂಗಾತ ಮಲಗೂದು.
ಕಾಲ ಚಾಚಿ ಕುಂತ ನಮ್ಮವ್ವನ ಮೊಣಕಾಲ ನಡುವ
ತಲಿ ಹಿಂದಕ್ಕ ಜೋತು,
ಒಳಲಿಯಿಂದ ಸುರುವಿದ ನುಚ್ಚಿನ ಗಂಜಿ
ಅರ್ಧ ಗಂಟಲಕ್ಕ, ಅರ್ಧ ಕುತಿಗಿ ಸಂದಿಗೆ.
ಮೂರನೇ ಗುಟುಕಿಗೆ ಕೆಮ್ಮು.
ಮೂಗಿನಾಗಿಂದ ಬಿಳೇ ಹನಿ.
ಮಗ್ಗ ನಿಲ್ಲಿಸಿ ನಾ ಓಡಿ ಬರೂದು.

ಓಣ್ಯಾಗ ಎಲ್ಲಾರೂ ಡಾಕ್ಟರ.
ನದರ ಆಗೇತಿ ಅಂದ್ಲು ಎದುರಮನಿ ಕಾಶವ್ವ,
ಉಪ್ಪು ಮೆಣಸಿನಕಾಯಿ ಇಳಿ ತಗದು ಒಲಿಗೆ ಒಗದ್ಲು.
ಆ ಘಾಟಿಗೆ ನಾವೂ ಕೆಮ್ಮಿದಿವಿ, ಕೂಸೊಂದ ಅಲ್ಲ.
ಹಲ್ಲ ಬರಲಿ ತಡಿ ಅಂದ ಮಾವ.
ಸುಮಂಗಲಾ ಏನೂ ಅನ್ನಲಿಲ್ಲ;
ಗಂಜಿ ಇನ್ನಷ್ಟು ತೆಳ್ಳಗ ಮಾಡಿದ್ಲು,
ನೀರಿಗೂ ಅದಕೂ ಫರಕ ತಿಳೀದಷ್ಟು.

ಬಾಗಲಕೋಟಿ ದವಾಖಾನಿಗೆ
ನಾ ಬಾಯಿ ತೋರಸಾಕ ಹೋಗಿದ್ದೆ.
ವ್ಯಾಯಾಮ ಮಾಡಸೂ ಆ ಹುಡುಗಿ
ಬಾಯಿ ನೋಡಲೇ ಇಲ್ಲ.
ಸೊಂಟ ಹಿಡದ್ಲು. ಬೆನ್ನ ಮ್ಯಾಲ ಅಂಗೈ ಇಟ್ಲು.
ಎರಡೂ ಪಾದ ತನ್ನ ತೊಡಿ ಮ್ಯಾಲ ಊರಿಸಿ
ಸುಮ್ನ ಕುಂತ್ಲು ಗಳಿಗಿ ಹೊತ್ತು.
"ಗಂಟಲದಾಗ ಏನೂ ಇಲ್ರಿ.
ಬಿದ್ದೇನೋ ಅನ್ನೂ ಅಂಜಿಕಿ ಐತಿ.
ಇಡೀ ಮೈ ಬೀಳದಂಗ ನೋಡ್ಕೊಳ್ಳೂದರಾಗ ಇದ್ರ
ನಾಲಿಗಿಗೆ ಎಲ್ಲಿ ಪುರಸತ್ತು?"

ನಂಗ ನಗಿ ಬಂತು; ಆಮ್ಯಾಲ ನಾಚಿಕಿ.
ಇಪ್ಪತ್ತೆರಡ ವರ್ಷ ಗುಳೇದಗುಡ್ಡದ ಕುಣಿಮಗ್ಗದಾಗ ಕುಂತಾವ ನಾ,
ಖಣದಾಗ ಆನಿಹೆಜ್ಜಿ ಎಬ್ಬಸಾವ.
ಕುಣಿಯಾಗ ಕಾಲು ಹಲಗಿಗೆ ಹತ್ತಲಿಲ್ಲಂದ್ರ
ಕೈಯಾಗಿನ ಲಾಳಿ ನೆಟ್ಟಗ ಓಡೂದಿಲ್ಲ,
ಕಂಬ ಅಲಗಾಡಿದ್ರ ಹೊಕ್ಕು ಡೊಂಕಾಗತೈತಿ.
ಇದು ನಮ್ಮ ಓಣಿ ಕತ್ತಿಗೂ ಗೊತ್ತು.
ಮಗಳ ವಿಷ್ಯಾದಾಗ ಮಾತ್ರ
ನಂಗ ಹೊಳೀಲಿಲ್ಲ.

ಅಪ್ಪ ತುಳದು ತುಳದು ನಡುವ ಕುಳಿ ಬಿದ್ದ ಹಲಗಿ
ಅಟ್ಟದ ಮ್ಯಾಲಿತ್ತು, ಧೂಳ ತಿನಕೋತ.
ಬಡಿಗ್ಯಾರ ಮೋನಪ್ಪನ ಕಡೆ ಒಯ್ದು ಕುರ್ಚಿ ಮಾಡಿಸಿದೆ:
ಗೇಣೆತ್ತರ, ಬಾಜೂಕ ಎರಡು ಬಟ್ಟಿ ಉಂಡಿ,
ಪಾದದ ಕೆಳಗ ಅದ ಹಲಗಿ.
"ನಿನಗೂ ಒಳಲಿಲೇ ಹಾಕೇನಿ," ಅಂದ್ಲು ಅವ್ವ,
"ನೀ ಏನ ಸತ್ತಿ?"

ಎರಡ ತಿಂಗಳ ಕುರ್ಚಿ ಹಂಗ ಇತ್ತು.
ಮೊದಲ ಚಾಪಿ ಮ್ಯಾಲ ಬೋರಲ ಮಲಗೂದು,
ನೂಲಿನ ಉಂಡಿ ತೋರಿಸಿದ್ರ ಕುತಿಗಿ ಎತ್ತೂದು,
ಮೊಣಕೈ ಊರೂದು, ಸೋತು ಅಳೂದು,
ಅಳೂದು ಕೇಳಿ ಅವ್ವ ನನ್ನ ಬೈಯೂದು.

ಆಮ್ಯಾಲ ಒಂದು ಸ್ವಾಮಾರ
ಕುರ್ಚ್ಯಾಗ ಕುಂದರಿಸಿ, ಪಾದ ಹಲಗಿಗೆ ಹಚ್ಚಿ,
ಮೆತ್ತಗ ಕಲಸಿದ ಹೆಸರಬ್ಯಾಳಿ ಅನ್ನ.
ಒಂದು. ಎರಡು.
ಮೂರನೇ ಗುಟುಕಿಗೆ ನಾವೆಲ್ಲಾ ಉಸರ ಹಿಡದಿವಿ.
ನಾಲಿಗಿ ಅಗಳನ್ನ ಎಡಕ್ಕ ದೂಡಿತು,
ತಡದು, ಬಲಕ್ಕ.
ನುಂಗಿದ ಸದ್ದು ನಂಗ ಕೇಳಿಸ್ತು.
ಆ ಹೊತ್ತಿಗೆ ಓಣ್ಯಾಗಿನ ಮಗ್ಗೆಲ್ಲಾ
ಯಾಕೋ ಸುಮ್ನ ಇದ್ದಂಗಿತ್ತು.

ಕೈಗೆ ಬ್ಯಾರೇ ಪಾಠ.
ಚುರಮುರಿ ಹರವಿದ್ರ ಅಂಗೈಲೇ ಗುಡಿಸಿ
ಮುಷ್ಟಿ ಕಟ್ಟತಿದ್ಲು; ಬಾಯಿ ಹತ್ರ ಬಿಚ್ಚಿದ್ರ
ಒಂದು ಕಿವ್ಯಾಗ, ಒಂದು ಅಂಗಿಯೊಳಗ, ಉಳದದ್ದು ಬೆಕ್ಕಿಗೆ.
ಶ್ರಾವಣ ಮುಗಿಯೂದರಾಗ
ಹೆಬ್ಬಟ್ಟು, ಅದರ ಪಕ್ಕದ ಬಟ್ಟು, ಎರಡ ಮಾತಾಡಿಕೊಂಡು
ಒಂದ ಚುರಮುರಿ ಎತ್ತಿದುವು,
ಕಡದ ಎಳಿ ಹುಡುಕಿ ನಾ ಗಂಟ ಹಾಕೂ ಹಂಗ.

ಈಗ ತಂಟೆ ಬ್ಯಾರೇ.
ನಿನ್ನೆ ನೆಲದ ಮ್ಯಾಲಿನ ಕೆಂಪು ರೇಶಿಮಿ ತುಂಡು
ಚಂದಾಗಿ ಚಿಮಟಿ ಹಿಡದು ಬಾಯಿಗಿಟ್ಲು.
ಸುಮಂಗಲಾ ಬಟ್ಟ ಹಾಕಿ ತಗದ್ಲು,
ಕಡಿಸ್ಕೊಂಡ್ಲು, ನಕ್ಕಳು.
ದಿನಾ ಮೂರ ಸಲ ಕಸ ಹೊಡಿಯೂದಾಗೇತಿ ಮನಿಯಾಗ,
ನಾ ಬ್ಯಾಟರಿ ಬಿಟ್ಟು ಮೂಲಿ ಹುಡಕತೀನಿ,
"ಕೆಲಸ ಹಚ್ಚಿದಿ ನೋಡ" ಅನಕೋತ
ಚಾಚಿದ ಕಾಲು ಮಡಚಿ
ಅವ್ವನೂ ನೆಲ ತಡವಾಕ ಹತ್ಯಾಳ.