ಬೇಳೆ ಬೇಯದ ನೀರು

ಗುತ್ತಲು ರಸ್ತೆಯ ನನ್ನ ಅಂಗಡಿಗೆ
ಸುಟ್ಟ ಗೀಸರ್ ಕಾಯಿಲ್‌ಗಳು ಬರುತ್ತವೆ
ಮೈತುಂಬ ಸುಣ್ಣ ಕಟ್ಟಿಕೊಂಡು.
ಉಳಿ ಹಿಡಿದು ಕೆರೆಯುತ್ತೇನೆ.
ನಮ್ಮ ಬಡಾವಣೆಯ ಬೋರ್‌ವೆಲ್ ನೀರಿನ ಗುಣವೇ ಅದು:
ಸೋಪು ನೊರೆ ಬಿಡದು, ಬೇಳೆ ಬೇಯದು,
ಬೋಸಿಯ ತಳದ ಬಿಳಿ ಗೆರೆ
ಹುಣಿಸೆಹಣ್ಣಿಗೂ ಜಗ್ಗದು.
ಊರೆಲ್ಲ ಬೈಯುವ ಆ ನೀರೇ
ಇಪ್ಪತ್ತು ವರ್ಷದಿಂದ ನನಗೆ ಅನ್ನ ಹಾಕಿದೆ.

ರೂಮು ಖಾಲಿ ಮಾಡುವಾಗ ಕಾಲೇಜು ಹುಡುಗ ಪ್ರಣೀತ
ರಿಪೇರಿ ದುಡ್ಡಿನ ಬದಲು
ಗಾಜಿನ ತೊಟ್ಟಿ ಇಳಿಸಿಹೋದ. ಒಳಗೆ ಆರು ಮೀನು,
ಉಗುರಿನಷ್ಟು, ನಿಂಬೆಹಣ್ಣಿನ ಹಳದಿ.
"ಸಿಕ್ಲಿಡ್ ಅಣ್ಣ, ಆಫ್ರಿಕದ ಸರೋವರದವು.
ಮೈಸೂರಿಗೆ ಒಯ್ದರೆ ನಮ್ಮನೆ ಮೆತ್ತನೆ ನೀರಲ್ಲಿ ಸೊರಗುತ್ತವೆ.
ನಿಮ್ಮ ಗಡಸು ನೀರು ಇವಕ್ಕೆ ತೌರುಮನೆ."
ತೌರುಮನೆಯಂತೆ!
ಮಂಡ್ಯದಲ್ಲಿ ಈ ನೀರಿಗೆ
ಯಾರೂ ಇಡದ ಹೆಸರು.

ಮೊದಲ ತಿಂಗಳು ಪ್ರೀತಿಯಿಂದ ಕೆಡಿಸಿದೆ.
ನನಗೆ ಟೀ ಬಂದಾಗೆಲ್ಲ ಅವಕ್ಕೂ ಚಿಟಿಕೆ ಕಾಳು.
ಮಿಕ್ಸಿ ತಂದವರೂ ಒಂದೊಂದು ಚಿಟಿಕೆ,
"ಪಾಪ, ಬಾಯ್‌ಬಾಯ್ ಬುಡ್ತಾವೆ ಕನಾ."
ಬಾಯಿ ಬಿಡುವುದು ಮೀನಿನ ಕಸುಬು,
ನಮಗೆಲ್ಲಿ ಗೊತ್ತು.
ಉಳಿದ ಕಾಳು ಕೊಳೆತು ನೀರು ಮಂಕಾಗಿ
ಒಂದು ಬುಧವಾರ ಒಂದು ತೇಲಿತು.
ಐದು, ಹೊಟ್ಟೆ ಉಬ್ಬಿಸಿಕೊಂಡು,
ಬೆಳೆಯುವುದನ್ನೇ ಮರೆತವು.

ಆಮೇಲೆ ಚಿಟಿಕೆ ನಿಂತಿತು, ಕೊಡ ಶುರುವಾಯಿತು.
ಬೆಳಗ್ಗೆ ಸಂಜೆ ಎರಡೇ ಸಲ, ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ
ಮುಗಿಯುವಷ್ಟು ಊಟ.
ಭಾನುವಾರಕ್ಕೊಮ್ಮೆ ಮೂರರಲ್ಲೊಂದು ಪಾಲು ನೀರು ತೆಗೆದು
ರಾತ್ರಿಯಿಡೀ ಡ್ರಮ್ಮಿನಲ್ಲಿ
ಉಸಿರಾಡಲು ಬಿಟ್ಟ ನೀರು ಹೊಯ್ಯುವುದು.
ಸೊಂಟ ನೋಯುತ್ತದೆ. ಮೀನು ಬೆಳೆಯುತ್ತದೆ.
ತೆಗೆದ ನೀರಿಗೆ ಪುಟ್ಟತಾಯಮ್ಮ ಬಕೆಟ್ ಸಮೇತ ಹಾಜರು;
ಅವರ ಕರಿಬೇವು ಈಗ ಕಾಂಪೌಂಡಿನಾಚೆ ಬಗ್ಗಿ ನೋಡುತ್ತದೆ.
"ಗಿಡಕ್ಕೇನೋ ಅಮೃತ ಕನಪ್ಪ,
ಒಗ್ಗರಣೇಲಿ ಮೀನ್ ವಾಸ್ನೆ ಬರಾಕಿಲ್ಲ ತಾನೆ?"

ಇನ್ನೊಂದು ತಾಪತ್ರಯ:
ದೊಡ್ಡದೊಂದು ಇಡೀ ತೊಟ್ಟಿ ತನ್ನದೆಂದಿತು.
ಸಣ್ಣದರ ಬಾಲ ಹರಿದು ಜಾಲರಿ.
ಮೂಲೆಯಲ್ಲಿ, ಹೀಟರಿನ ಹಿಂದೆ, ಅದರ ಸಂಸಾರ.
ತಿಂದರೂ ಮೈಗೆ ಹತ್ತದು; ಅಂಜಿಕೆ ತಿಂದುಬಿಡುತ್ತಿತ್ತು.
ಕೆಟ್ಟ ಗ್ರೈಂಡರುಗಳ ಗುಂಡುಕಲ್ಲು ತೊಳೆದು ಪೇರಿಸಿದೆ,
ಸಂದಿ, ಗವಿ, ಅಡ್ಡಗೋಡೆ,
ಕಣ್ಣಿಗೆ ಕಣ್ಣು ಬೀಳದ ಹಾಗೆ.
ನನ್ನ ತಮ್ಮನೂ ನಾನೂ
ಹಜಾರದ ನಡುವೆ ಗೋಡೆ ಎಬ್ಬಿಸಿದ ಮೇಲಲ್ಲವೆ
ಮತ್ತೆ ಮಾತಾಡತೊಡಗಿದ್ದು.

ದಸರಾ ಕಳೆದ ವಾರ, ಆ ಸಣ್ಣದೇ
ಕಾಳು ಮುಟ್ಟಲಿಲ್ಲ.
ಗದ್ದದ ಕೆಳಗೆ ಉಬ್ಬು, ತುಟಿ ಬಿಗಿ.
ಸುಧಾಮಣಿ ಅಂದಳು, "ಮಂಗನಬಾವು."
ನಾನು ಗಾಜಿಗೆ ಕಣ್ಣಾನಿಸಿ ಕೂತೆ:
ಬಾಯಿತುಂಬ ಮೊಟ್ಟೆ.
ನುಂಗುವಂತಿಲ್ಲ, ಉಗಿಯುವಂತಿಲ್ಲ,
ಆಗಾಗ ಮೆಲ್ಲಗೆ ಹೊರಳಿಸುವುದು,
ಹೇಳಬಾರದ ಮಾತನ್ನು ಹೊರಳಿಸುವ ಹಾಗೆ.

ಇಪ್ಪತ್ತೆರಡು ದಿನ.
ಕಾಳಿನ ಡಬ್ಬಿ ಎಷ್ಟು ಸಲ ಎತ್ತಿದೆನೋ
ಅಷ್ಟೇ ಸಲ ಇಟ್ಟೆ.
ನೀರು ಹೊತ್ತೆ, ಅಷ್ಟೆ.

ಇಂದು ಮುಂಜಾನೆ ಷಟರ್ ಎತ್ತಿದರೆ
ಗುಂಡುಕಲ್ಲಿನ ಸಂದಿಯಲ್ಲಿ
ಬರೀ ಕಣ್ಣುಗಳು, ಹದಿನೇಳು ಜೊತೆ. ಇನ್ನೊಮ್ಮೆ ಎಣಿಸಿದರೆ ಹದಿನೈದು.
ಎಲುಬು ಹಂದರವಾದ ತಾಯಿ
ಮೊದಲ ಸಲ ಬಾಯಿ ಆಕಳಿಸಿ ನಿಂತಿದೆ.
ಕಾಳನ್ನು ಹಿಟ್ಟು ಮಾಡಬೇಕಲ್ಲ;
ಶಿವನಂಜಪ್ಪ ಮೇಷ್ಟರ ಮಿಕ್ಸಿ ರಿಪೇರಿಯಾಗಿತ್ತು,
ಚಟ್ನಿ ಜಾರು ಖಾಲಿಯಿತ್ತು.
ತೊಳೆದಿಟ್ಟಿದ್ದೇನೆ, ಎರಡು ಸಲ.
ಮೇಷ್ಟರಿಗೆ ಹೇಳುವುದು ಬೇಡ.

ಅಂಗಡಿಯ ಹಿಂದಿನ ಮನೆಯಲ್ಲಿ ಕುಕ್ಕರಿನ ಆರನೇ ಸೀಟಿ.
ಮುಚ್ಚಳ ತೆಗೆದ ಸದ್ದು, ಸೌಟಿನ ಸದ್ದು,
"ಇನ್ನೂ ಬೆಂದಿಲ್ಲ, ಹಾಳು ನೀರು!"
ಕೇಳಿಸದವನ ಹಾಗೆ
ಬೆರಳ ತುದಿಯ ಹಿಟ್ಟನ್ನು
ನೀರಿಗೆ ಒರೆಸುತ್ತೇನೆ.