ನೀಲಿ ಬೋಗುಣಿ

ನವೆಂಬರಿನಲ್ಲಿ ರುಡಿಸ್ ಸತ್ತ.
ಹದಿನಾಲ್ಕು ವರ್ಷದ ನಾಯಿ, ಇನ್ನೆಷ್ಟು ದಿನ
ಎಂದಳು ಪಶುವೈದ್ಯೆ, ಕೈ ತೊಳೆದುಕೊಳ್ಳುತ್ತ.

ಆ ರಾತ್ರಿ ಕೊನೆಯ ಫೆರಿ
ಕ್ಲೈಪೆಡದ ಕಟ್ಟೆ ಮುಟ್ಟಿದ ಮೇಲೆ
ಮನೆಗೆ ಬಂದು, ಟಿಕೆಟ್ಟಿನ ಚೀಲ ಮೊಳೆಗೆ ಸಿಕ್ಕಿಸಿ
ಬೂಟು ಕೂಡ ಬಿಚ್ಚದೆ
ಅವನದೊಂದು ಫೋಟೊ ಹಾಕಿದೆ:
ನೀಲಿ ಬೋಗುಣಿಯೊಳಗೆ ಮೂತಿ,
ಕಿವಿ ಎರಡೂ ಹೊರಗೆ.
ರುಡಿಸ್ ಅಂದರೆ ನಮ್ಮಲ್ಲಿ ಕೆಂಚ.
‘ಹೋಗಿ ಬಾ ಕೆಂಚ’ ಎಂದಷ್ಟೇ ಬರೆದೆ.

ಆಮೇಲೆ ಕಾದೆ.
ಅಳು ಬಂದವರು ಹೆಗಲು ಹುಡುಕುತ್ತಾರಂತೆ.
ನಾನು ಪರದೆಯನ್ನು ಕೆಳಗೆಳೆದೆ, ಬಿಟ್ಟೆ,
ಎಳೆದೆ, ಬಿಟ್ಟೆ,
ಬತ್ತಿದ ಬಾವಿಗೆ ಕೊಡ ಇಳಿಸುವವಳ ಹಾಗೆ.

ಐರ್ಲೆಂಡಿನ ತಂಗಿಯಿಂದ ಒಡೆದ ಹೃದಯ ಒಂದು.
ಬಿಟ್ಟುಹೋದ ಗಂಡನಿಂದ ಎತ್ತಿದ ಹೆಬ್ಬೆರಳು
(ಸತ್ತದ್ದಕ್ಕೆ ಶಹಬ್ಬಾಸೇ?)
ಯಾರೋ ಗೊತ್ತಿಲ್ಲದವಳು ಕೇಳಿದಳು:
ಬೋಗುಣಿ ಚೆನ್ನಾಗಿದೆ, ಎಲ್ಲಿ ಕೊಂಡಿರಿ?
ಹನ್ನೆರಡೂ ಕಾಲಿಗೆ, ಗೋಡೆಯಾಚೆಯ ಗಿರ್ಮಾಂತಸ್,
ಮೂವತ್ತು ವರ್ಷದ ನೆರೆಯವನು,
ಕಣ್ಣಲ್ಲಿ ನೀರು ಚಿಮ್ಮುವಷ್ಟು
ಬಿದ್ದು ಬಿದ್ದು ನಗುವ ಒಂದು ಹಳದಿ ಮುಖ.

ನಗು!

ಮೂರು ವಾರ ಅವನ ಮುಖ ನೋಡಲಿಲ್ಲ.
ಅವನು ಫೆರಿ ಹತ್ತಿದರೆ ಟಿಕೆಟ್ಟು ಹರಿದು
ಗಾಳಿಗೆ ಕೊಟ್ಟಂತೆ ಕೊಟ್ಟೆ.
ಅವನ ಮೊಮ್ಮಗಳ ಹುಟ್ಟುಹಬ್ಬದ ಕೇಕಿಗೆ
ಎಲ್ಲರೂ ಹೃದಯ ಒತ್ತಿದರು, ನಾನು ಒತ್ತಲಿಲ್ಲ.
ಒತ್ತಲಿಲ್ಲವೆಂಬುದು ಅವನಿಗೆ ಚುಚ್ಚಲಿ ಎಂದು
ರಾತ್ರಿಯೆಲ್ಲ ಎಚ್ಚರವಿದ್ದೆ.
ಅವನಿಗೆ ಗೊತ್ತೇ ಆಗಲಿಲ್ಲ, ಪುಣ್ಯಾತ್ಮನಿಗೆ.

ಕೊನೆಗೆ ಎಬ್ಬಿಸಿದ್ದು ಆ ಬೋಗುಣಿಯೇ.
ತೊಳೆಯುವಾಗ ತಳದಲ್ಲಿ ಕಂಡಿತು,
ಮೊಳೆಯಲ್ಲಿ ಕೆತ್ತಿದ ‘ಗಿ’.
ಎಂದೋ ಕಡ ತಂದದ್ದು, ಕೊಟ್ಟಿರಲಿಲ್ಲ.
ಋಣವಾದರೂ ಹರಿಯಲಿ ಎಂದು
ಸೆಟೆದುಕೊಂಡೇ ಹೋದೆ.

ಹಿತ್ತಲಲ್ಲಿ ಆಲ್ಡರ್ ಕಟ್ಟಿಗೆಯ ಹೊಗೆ,
ಹೊಗೆಯಲ್ಲಿ ನೇತಾಡುವ ಮೀನು.
ಅವನು ಪ್ರವಾಸಿಗರಿಗೆ ಮಾರಲು
ಗಾಳಿಹಲಗೆ ಕೆತ್ತುತ್ತಿದ್ದ, ಹಿಂದೆ
ಹಿನ್ನೀರಿನ ದೋಣಿಗಳ ಕಂಬದ ತುದಿಗೆ ಇರುತ್ತಿತ್ತಲ್ಲ, ಅದು.
ಕಪ್ಪು ಬಿಳಿ ಒಂದೂರಿಗೆ, ಕೆಂಪು ಬಿಳಿ ಇನ್ನೊಂದಕ್ಕೆ.
ದಡದಲ್ಲಿ ನಿಂತವರಿಗೆ ತಿಳಿಯುತ್ತಿತ್ತು
ಯಾವೂರ ದೋಣಿ ಎಂದು.
ದೋಣಿಯೊಳಗಿನವನು ಅಳುತ್ತಿದ್ದಾನೋ
ಮೂಗು ಒರೆಸಿಕೊಳ್ಳುತ್ತಿದ್ದಾನೋ
ಹಲಗೆ ಹೇಳುತ್ತಿರಲಿಲ್ಲ.

ಬೋಗುಣಿ ನೋಡಿ ‘ಹನ್ನೊಂದು’ ಅಂದ.
ಏನು ಹನ್ನೊಂದು?
‘ಹೆರಿಂಗು. ನೀನು ಫೋಟೊ ತೆಗೆಯುತ್ತ ನಿಂತೆ,
ಅವನು ತಿನ್ನುತ್ತಲೇ ಇದ್ದ. ಉಪ್ಪು ಹಾಕಲು ಇಟ್ಟಿದ್ದೆ, ಕಳ್ಳ!
ಆಮೇಲೆ ನೀರು ಕುಡಿದು ಕುಡಿದು
ನಿನ್ನ ಹೊಸ ಚಾಪೆಯ ಮೇಲೆ...’

ಹೊಟ್ಟೆ ಹಿಡಿದು ನಕ್ಕ.
ಮುಂದಿನ ಹಲ್ಲೆರಡು ಇಲ್ಲದ ಆ ನಗು
ಅರ್ಧದಲ್ಲಿ ಎಲ್ಲೋ ತೊಡರಿ ನಿಂತಿತು.
ತಿರುಗಿ, ಚೆನ್ನಾಗಿಯೇ ಉರಿಯುತ್ತಿದ್ದ ಒಲೆಗೆ
ಸುಮ್ಮನೆ ಒಂದು ಕಟ್ಟಿಗೆ ತಳ್ಳಿದ.
‘ಆ ರಾತ್ರಿ ನೋಡಿದಾಗಲೂ ಹೀಗೇ’ ಅಂದ ಒಲೆಗೆ.

ನನಗೆ ಆ ಚಾಪೆ ಮರೆತೇಹೋಗಿತ್ತು.

ಬೋಗುಣಿ ವಾಪಸ್ಸು ತೆಗೆದುಕೊಳ್ಳಲಿಲ್ಲ.
ಎರಡು ಮೀನು ಹಾಕಿ ನನ್ನ ಕೈಗೇ ಕೊಟ್ಟ.

ಈಗಲೂ ಎಣಿಸುತ್ತೇನೆ, ಸುಳ್ಳೇಕೆ ಹೇಳಲಿ.
ನಿನ್ನೆ ಹಾಕಿದ ಹಿಮದ ಚಿತ್ರಕ್ಕೆ ನಾಲ್ಕು;
ಐದನೆಯದಕ್ಕೆ ಒಂದೆರಡು ಸಲ ಇಣುಕಿದೆ.
ಆಮೇಲೆ, ಮಲಗುವ ಮುಂಚೆ,
ಏನನ್ನಿಸಿತೋ, ಗೋಡೆ ತಟ್ಟಿದೆ. ಎರಡು ಸಲ.

ಆ ಕಡೆಯಿಂದ ಏನೂ ಬರಲಿಲ್ಲ.
ಮಲಗಿರಬೇಕು ಅಂದುಕೊಂಡು
ದೀಪ ಆರಿಸಿದೆ.